ಬಿ. ಬಸವಲಿಂಗಪ್ಪ

ಬಿ. ಬಸವಲಿಂಗಪ್ಪ (21 ಏಪ್ರಿಲ್ 1924 – 27 ಡಿಸೆಂಬರ್ 1992) ಕರ್ನಾಟಕದ ರಾಜಕಾರಣಿ, ವಕೀಲರು ಹಾಗೂ ದಲಿತ ಸಮುದಾಯದ ಪ್ರಮುಖ ನಾಯಕರು. ಡಿ. ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಾದ್ಯಂತ ನಿಷೇಧಿಸಿದರು. 1973ರ ಕೊನೆಯಲ್ಲಿ ನಡೆದ ಬೂಸಾ ಪ್ರಕರಣ ಎಂಬ ವಿವಾದದಿಂದ ಸಚಿವ ಸ್ಥಾನವನ್ನು ತೊರೆದರು. ಮುಂದೆ ಕಂದಾಯ ಸಚಿವರಾಗಿ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ಪರಭಾರೆಯನ್ನು ತಡೆಯುವ 1978ರ ಕಾಯಿದೆಗೆ ಕಾರಣರಾದರು.

ಇಂದು ಜನಸಾಮಾನ್ಯರ ನೆನಪಿನಲ್ಲಿ ಬಸವಲಿಂಗಪ್ಪನವರ ಹೆಸರು ಬೂಸಾ ಎಂಬ ಒಂದು ಪದಕ್ಕೆ ಅಂಟಿಕೊಂಡಿದೆ. ಪುರಸಭೆಗಳ ಅತ್ಯಂತ ಕೆಳಗಿನ ನೌಕರರ ಕೆಲಸದ ರೀತಿಯನ್ನೇ ಬದಲಿಸಿದ ಅವರ ಆದೇಶಕ್ಕೆ ಅಷ್ಟು ಪ್ರಚಾರ ದೊರೆತಿಲ್ಲ. ಈ ಲೇಖನದಲ್ಲಿ ಆ ಭಾಗಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ.

ಜನನ ಮತ್ತು ವೃತ್ತಿ

ಬಸವಲಿಂಗಪ್ಪನವರು 1924ರ ಏಪ್ರಿಲ್ 21ರಂದು ಹರಿಹರದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಕುಟುಂಬವೊಂದರಲ್ಲಿ ಜನಿಸಿದರು. ಹರಿಹರ ಅಂದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಈಗ ದಾವಣಗೆರೆ ಜಿಲ್ಲೆಯಲ್ಲಿದೆ. ಕಾನೂನು ಪದವಿ ಪಡೆದು ವಕೀಲಿ ವೃತ್ತಿ ಆರಂಭಿಸಿದರು. ಅಸ್ಪೃಶ್ಯರ ಮಕ್ಕಳು ಶಾಲೆಯ ಹೊರಜಗಲಿಯಲ್ಲಿ ಕುಳಿತು ಪಾಠ ಕೇಳಬೇಕಾದ ಕಾಲದಲ್ಲಿ ಕಾನೂನು ಪದವಿಯವರೆಗೆ ತಲುಪಿದವರು ಬೆರಳೆಣಿಕೆಯಷ್ಟು ಮಂದಿ. ಅಂಬೇಡ್ಕರ್ ಅವರ ಬರಹ ಮತ್ತು ಹೋರಾಟಗಳ ಪ್ರಭಾವ ಅವರ ಮೇಲೆ ಗಾಢವಾಗಿತ್ತು. ಆದರೂ ಅವರು ರಾಜಕಾರಣ ನಡೆಸಿದ್ದು ಕಾಂಗ್ರೆಸ್ ಪಕ್ಷದೊಳಗೆ. ಈ ಎರಡರ ನಡುವಿನ ಎಳೆದಾಟ ಅವರ ಸಾರ್ವಜನಿಕ ಜೀವನದುದ್ದಕ್ಕೂ ಕಾಣುತ್ತದೆ.

ಹಿನ್ನೆಲೆ: ಪುರಸಭೆಗಳು ಮತ್ತು ಮಲ ಹೊರುವ ಕೆಲಸ

ಬಸವಲಿಂಗಪ್ಪನವರ ಆದೇಶದ ಮಹತ್ವ ತಿಳಿಯಬೇಕಾದರೆ ಅದಕ್ಕೆ ಮುನ್ನ ಪಟ್ಟಣಗಳಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಅರಿಯಬೇಕು. ಒಳಚರಂಡಿ ಇಲ್ಲದ ಊರುಗಳಲ್ಲಿ ಮನೆಯ ಹಿತ್ತಿಲಿನಲ್ಲಿ ಒಣ ಪಾಯಖಾನೆ ಇರುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸಂಡಾಸು ಎನ್ನುವ ರೂಢಿ. ನೀರಿನ ಸಂಪರ್ಕವಿಲ್ಲದ ಈ ಕೋಣೆಯ ಕೆಳಗೆ ತಗಡಿನ ಡಬ್ಬಿಯನ್ನೋ ಬುಟ್ಟಿಯನ್ನೋ ಇಡಲಾಗುತ್ತಿತ್ತು. ಅನೇಕ ಕಡೆ ಅದೂ ಇಲ್ಲದೆ ಬರೀ ಕಲ್ಲುಹಾಸು. ಹಿಂಬದಿಯ ಇಕ್ಕಟ್ಟಾದ ಸಂದಿಗೆ ತೆರೆದುಕೊಳ್ಳುವ ಸಣ್ಣ ಕಿಂಡಿಯ ಮೂಲಕ ಬೆಳಗಿನ ಜಾವದಲ್ಲಿ ಕೆಲಸದವರು ಬಂದು, ತಗಡಿನ ಚೂರಿನಿಂದ ಮಲವನ್ನು ಕೆರೆದು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಊರ ಹೊರಗಿನ ಗುಂಡಿಗೆ ಅಥವಾ ಗಾಡಿಗೆ ಸುರಿಯುತ್ತಿದ್ದರು. ಮನೆಗಳ ಸಂಡಾಸುಗಳನ್ನು ಬಳಿಯುವವರಲ್ಲಿ ಹೆಂಗಸರೇ ಹೆಚ್ಚು. ಮಳೆಗಾಲದಲ್ಲಿ ಬುಟ್ಟಿ ಸೋರಿ ಮುಖ, ಹೆಗಲು, ಸೀರೆಯ ಮೇಲೆಲ್ಲ ಇಳಿಯುತ್ತಿತ್ತು. ಚರ್ಮರೋಗ, ಕಣ್ಣಿನ ಬೇನೆ, ಹೊಟ್ಟೆಯ ಹುಳು, ಉಸಿರಾಟದ ತೊಂದರೆ ಈ ಕೆಲಸದ ಖಾಯಂ ಸಂಗಾತಿಗಳಾಗಿದ್ದವು.

ಈ ಕೆಲಸವನ್ನು ಸಾಮಾಜಿಕ ಪಿಡುಗು ಎಂದು ವರ್ಣಿಸುವುದು ವಾಡಿಕೆ. ಅದು ಸರಿಯೇ. ಆದರೆ ಮಲ ಹೊರುವವರಲ್ಲಿ ಬಹುಮಂದಿ ಪುರಸಭೆಯ ವೇತನಪಟ್ಟಿಯಲ್ಲಿದ್ದವರು ಎಂಬ ಸರಳ ಸಂಗತಿ ಆ ವರ್ಣನೆಯಲ್ಲಿ ಮರೆಯಾಗುತ್ತದೆ. ಪಾಯಖಾನೆ ತೆರಿಗೆಯನ್ನು ವಸೂಲು ಮಾಡುತ್ತಿದ್ದುದು ಪುರಸಭೆ, ಹಾಜರಿ ಹಾಕುತ್ತಿದ್ದುದು ಪುರಸಭೆಯ ಮೇಸ್ತ್ರಿ, ಬುಟ್ಟಿ ಮತ್ತು ಪೊರಕೆ ಕೊಡುತ್ತಿದ್ದುದೂ ಪುರಸಭೆ. ಅಂದರೆ ಇದು ಸ್ಥಳೀಯ ಸಂಸ್ಥೆಯೊಂದು ತನ್ನ ನೌಕರರನ್ನು ದುಡಿಸಿಕೊಳ್ಳುವ ರೀತಿಯ ಪ್ರಶ್ನೆಯೂ ಆಗಿತ್ತು. ಬ್ರಿಟಿಷ್ ಆಡಳಿತದ ಕೆಲವು ಪ್ರಾಂತ್ಯಗಳ ಪುರಸಭಾ ಕಾಯಿದೆಗಳಲ್ಲಂತೂ ಜಾಡಮಾಲಿಯು ಮುನ್ಸೂಚನೆ ನೀಡದೆ ಕೆಲಸ ಬಿಟ್ಟರೆ ಶಿಕ್ಷೆ ವಿಧಿಸಲು ಅವಕಾಶವಿತ್ತು. ಗುಮಾಸ್ತನಿಗಾಗಲಿ ಶಾಲಾ ಮಾಸ್ತರನಿಗಾಗಲಿ ಇಂಥ ನಿಯಮ ಇರಲಿಲ್ಲ. ಅಂಬೇಡ್ಕರ್ ಅವರು 1935ರಲ್ಲಿ ಮುಂಬಯಿಯಲ್ಲಿ ಮುನಿಸಿಪಲ್ ಕಾಮಗಾರ್ ಸಂಘವನ್ನು ಕಟ್ಟಿದ್ದರ ಹಿಂದೆ ಈ ಅರಿವು ಇತ್ತು. ಭಂಗಿ ಕೆಲಸವನ್ನು ಪವಿತ್ರ ಸೇವೆಯೆಂದು ಗಾಂಧೀಜಿಯವರು ಕೊಂಡಾಡಿದ್ದನ್ನು ಅವರು ಕಟುವಾಗಿ ವಿರೋಧಿಸಿದರು. ಹೊಗಳಿಕೆಯಿಂದ ಆ ಕೆಲಸ ಆ ಜನರಿಗೇ ಶಾಶ್ವತವಾಗಿ ಉಳಿಯುತ್ತದೆ ಎಂಬುದು ಅವರ ವಾದ. ಬಸವಲಿಂಗಪ್ಪನವರ ನಿಲುವು ಈ ವಿಷಯದಲ್ಲಿ ಅಂಬೇಡ್ಕರ್ ಅವರದೇ.

ಸರ್ಕಾರಗಳು ಸುಮ್ಮನಿದ್ದವು ಎನ್ನಲಾಗದು. 1949ರಲ್ಲಿ ಮುಂಬಯಿ ಸರ್ಕಾರ ವಿ. ಎನ್. ಬರ್ವೆ ಅವರ ಅಧ್ಯಕ್ಷತೆಯಲ್ಲಿ ಜಾಡಮಾಲಿಗಳ ಸ್ಥಿತಿಗತಿಯ ವಿಚಾರಣಾ ಸಮಿತಿಯನ್ನು ನೇಮಿಸಿತು. ಕೇಂದ್ರ ಸರ್ಕಾರ 1957ರಲ್ಲಿ ಎನ್. ಆರ್. ಮಲ್ಕಾನಿ ಸಮಿತಿಯನ್ನು ನೇಮಿಸಿ 1960ರಲ್ಲಿ ವರದಿ ಪಡೆಯಿತು. ಬುಟ್ಟಿಯ ಬದಲು ಕೈಗಾಡಿ ಬಳಸಬೇಕು, ತಲೆಹೊರೆ ನಿಲ್ಲಬೇಕು ಎಂಬ ಸಲಹೆ ಈ ಸಮಿತಿಗಳಿಂದಲೇ ಬಂದದ್ದು. ಕೈಗಾಡಿ ಕೊಳ್ಳಲು ಕೇಂದ್ರದ ಸಹಾಯಧನವೂ ಇತ್ತು. ಆದರೆ ಸಲಹೆಗೆ ಬಲವಿರಲಿಲ್ಲ. ಗಾಡಿಗಳು ಬಂದರೂ ಅವು ಓಡಾಡಲು ಹಿಂಬದಿಯ ಸಂದಿಗಳು ಸಾಲುತ್ತಿರಲಿಲ್ಲ. ಬುಟ್ಟಿಯೇ ಮತ್ತೆ ತಲೆ ಏರುತ್ತಿತ್ತು.

ಹೈದರಾಬಾದು ಕರ್ನಾಟಕದ ಊರುಗಳಿಗೆ ಇನ್ನೊಂದು ತೊಡಕಿತ್ತು. ನಿಜಾಮರ ಕಾಲದಲ್ಲಿ ಪಾಯಗಾ ಜಹಗೀರಿಗೆ ಸೇರಿದ್ದ ಆಳಂದ ಪಟ್ಟಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೂಗಳತೆಯ ಸೋಲಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಬರ್ವೆ ಸಮಿತಿಯ ವ್ಯಾಪ್ತಿಗೆ ಬಂದಿತು. ಗಡಿಯ ಈಚೆಗಿನ ಆಳಂದ, ಅಫಜಲಪುರ, ಜೇವರ್ಗಿಗಳು ಹೈದರಾಬಾದು ರಾಜ್ಯದಲ್ಲಿದ್ದುದರಿಂದ ಬರಲಿಲ್ಲ. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಇಲ್ಲಿಯ ಪುರಸಭೆಗಳಿಗೆ ಹೈದರಾಬಾದು ಜಿಲ್ಲಾ ಪುರಸಭೆಗಳ ಕಾಯಿದೆ ಅನ್ವಯಿಸುತ್ತಿತ್ತು. ಹಳೆಯ ಮೈಸೂರಿಗೆ ಒಂದು, ಮುಂಬಯಿ ಕರ್ನಾಟಕಕ್ಕೆ ಮತ್ತೊಂದು ಕಾಯಿದೆ. ಒಂದೇ ರಾಜ್ಯದ ಪುರಸಭಾ ನೌಕರರು ಬೇರೆ ಬೇರೆ ನಿಯಮಗಳ ಕೆಳಗೆ ದುಡಿಯುತ್ತಿದ್ದರು. 1964ರ ಪುರಸಭೆಗಳ ಕಾಯಿದೆಯು ಇವನ್ನೆಲ್ಲ ಒಂದುಗೂಡಿಸಿತು. ಬೆಂಗಳೂರಿನಿಂದ ಹೊರಟ ಒಂದು ಆದೇಶ ಹರಿಹರಕ್ಕೂ ಆಳಂದಕ್ಕೂ ಸಮನಾಗಿ ತಾಗುವ ಸ್ಥಿತಿ ಆಗಷ್ಟೇ ಉಂಟಾಯಿತು.

ಪೌರಾಡಳಿತ ಸಚಿವರಾಗಿ

1972ರ ವಿಧಾನಸಭಾ ಚುನಾವಣೆಯ ನಂತರ ಮಾರ್ಚ್ 20ರಂದು ದೇವರಾಜ ಅರಸು ಮುಖ್ಯಮಂತ್ರಿಯಾದರು. ಹಿಂದುಳಿದ ವರ್ಗ ಮತ್ತು ದಲಿತರಿಗೆ ಅಧಿಕಾರದಲ್ಲಿ ಪಾಲು ಕೊಡುವ ರಾಜಕಾರಣ ಅವರದು. ಬಸವಲಿಂಗಪ್ಪನವರಿಗೆ ಪೌರಾಡಳಿತ ಖಾತೆ ದೊರೆಯಿತು. ಪುರಸಭೆಗಳ ಒಳಗನ್ನು ಬಲ್ಲವರಿಗೆ ಈ ಖಾತೆಯ ವಿಶೇಷ ತಿಳಿಯುತ್ತದೆ. ಊರಿನ ಶ್ರೀಮಂತರು, ವ್ಯಾಪಾರಿಗಳು, ಮೇಲುಜಾತಿಯ ಮುಖಂಡರು ಸದಸ್ಯರಾಗಿ ಕುಳಿತುಕೊಳ್ಳುವ ಸಭೆ ಅದು. ಅದೇ ಸಭೆಯ ಹಿತ್ತಿಲಲ್ಲಿ ದಲಿತರು ಪೊರಕೆ ಹಿಡಿದು ನಿಂತಿರುತ್ತಿದ್ದರು. ಆ ಇಲಾಖೆಯ ಮೇಲ್ತುದಿಯಲ್ಲಿ ಈಗ ದಲಿತರೊಬ್ಬರು ಕುಳಿತರು.

ಸಚಿವರಾಗಿ ಅವರು ಕೈಗೊಂಡ ಅತ್ಯಂತ ಪ್ರಮುಖ ಕ್ರಮವೆಂದರೆ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿ ಹೊರಡಿಸಿದ ಆದೇಶ. ಇದೇ ವಿಷಯದ ಮೇಲೆ ಸಂಸತ್ತು ಕಾಯಿದೆ ಮಾಡಿದ್ದು 1993ರಲ್ಲಿ, ಅಂದರೆ ಸುಮಾರು ಎರಡು ದಶಕಗಳ ನಂತರ. ಆದೇಶದ ಬಲ ಅದು ಯಾರನ್ನು ಉದ್ದೇಶಿಸಿತ್ತು ಎಂಬುದರಲ್ಲಿದೆ. ಹಿಂದಿನ ಸುಧಾರಕರು ಜಾಡಮಾಲಿಗಳಿಗೆ ಶುಚಿತ್ವದ ಉಪದೇಶ ಮಾಡುತ್ತಿದ್ದರು, ಮನೆಯೊಡೆಯರಿಗೆ ಕರುಣೆಯ ಉಪದೇಶ ಮಾಡುತ್ತಿದ್ದರು. ಬಸವಲಿಂಗಪ್ಪನವರು ಹೊಣೆಯನ್ನು ಮಾಲೀಕನಾದ ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿದರು. ಪುರಸಭೆ ತನ್ನ ನೌಕರನಿಂದ ಇಂಥ ಕೆಲಸ ಮಾಡಿಸುವಂತಿಲ್ಲ ಎಂದಾಗ, ಕೆಲಸ ಮಾಡಲೊಲ್ಲೆ ಎನ್ನುವ ಹಕ್ಕು ನೌಕರನಿಗೆ ತಾನಾಗಿ ದೊರೆಯುತ್ತದೆ. ಮೇಸ್ತ್ರಿಯ ಬೈಗುಳಕ್ಕೂ ಸಂಬಳ ಕಡಿತಕ್ಕೂ ಅಂಜುತ್ತಿದ್ದ ಹೆಂಗಸಿಗೆ ಸರ್ಕಾರದ ಕಾಗದವೊಂದು ಬೆನ್ನಿಗೆ ನಿಂತದ್ದು ಸಣ್ಣ ಸಂಗತಿಯಲ್ಲ.

ಆದೇಶ ಜಾರಿಗೆ ಬರುವಾಗ ಎದುರಾಗುವ ಪ್ರಶ್ನೆಗಳು ಹಲವು. ಬುಟ್ಟಿ ನಿಲ್ಲಬೇಕಾದರೆ ಸಂಡಾಸು ಬದಲಾಗಬೇಕು. ಸಂಡಾಸು ಬದಲಾಗಬೇಕಾದರೆ ಮನೆಯೊಡೆಯ ದುಡ್ಡು ಬಿಚ್ಚಬೇಕು, ಗುಂಡಿ ತೋಡಲು ಜಾಗವಿರಬೇಕು, ನೀರಿರಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಆಳಂದದಂಥ ಊರಿನಲ್ಲಿ ನೀರು ಹೊಯ್ಯುವ ಪಾಯಖಾನೆ ಸುಲಭದ ಮಾತಾಗಿರಲಿಲ್ಲ. ಹಳೆಯ ಪೇಟೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದು ಗುಂಡಿಗೆ ನೆಲವೇ ಇರುತ್ತಿರಲಿಲ್ಲ. ಭೀಮಾ ತೀರದ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಪ್ಪು ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಂಥದು. ಇಂಗುಗುಂಡಿಗೆ ಅದು ಒಳ್ಳೆಯ ನೆಲವಲ್ಲ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಮಲ ಹೊರುತ್ತಿದ್ದವರದೇ. ಕೆಲಸ ನಿಷೇಧವಾದರೆ ಸಂಬಳದ ಗತಿ ಏನು? ಅವರನ್ನು ಬೀದಿ ಗುಡಿಸುವ, ಚರಂಡಿ ಶುಚಿ ಮಾಡುವ ಕೆಲಸಕ್ಕೆ ಹಚ್ಚುವುದು ಪುರಸಭೆಗಳಿಗೆ ತೋಚಿದ ದಾರಿ. ಇದರಿಂದ ಸಂಬಳ ಉಳಿಯಿತು, ತಲೆಯ ಬುಟ್ಟಿ ಇಳಿಯಿತು. ಜಾತಿ ಮತ್ತು ಕಸಬಿನ ಗಂಟು ಮಾತ್ರ ಬಿಡಲಿಲ್ಲ. ಆದೇಶದ ಮಿತಿಯೂ ಇಲ್ಲಿಯೇ ಇದೆ ಎಂದು ಹೇಳಬೇಕು. ಅದು ಹೊರುವುದನ್ನು ತಡೆಯಿತು. ಒಣ ಪಾಯಖಾನೆಗಳು ಅನೇಕ ಊರುಗಳಲ್ಲಿ ಬಹುಕಾಲ ಉಳಿದುಕೊಂಡವು.

ಸಚಿವರಾಗಿ ಅವರ ಮಾತುಗಾರಿಕೆ ಹರಿತವಾಗಿತ್ತು, ಕೆಲವೊಮ್ಮೆ ಬೇಕಾದುದಕ್ಕಿಂತ ಹರಿತ. ದಲಿತರು ತಮ್ಮನ್ನು ಕಾಪಾಡದ ದೇವರುಗಳ ಪಟಗಳನ್ನು ಮನೆಯಿಂದ ಹೊರಗೆಸೆಯಬೇಕೆಂದು ಅವರು ಆಡಿದ ಮಾತು ದೊಡ್ಡ ಕೋಲಾಹಲ ಎಬ್ಬಿಸಿತು. ಅವರ ವಿರೋಧಿಗಳಿಗೆ ಇಂಥ ಮಾತುಗಳು ಆಯುಧವಾದವು.

ಬೂಸಾ ಪ್ರಕರಣ

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾಯಿತು. ಕನ್ನಡದ ಅಭಿಮಾನ ಉಕ್ಕಿ ಹರಿಯುತ್ತಿದ್ದ ಅದೇ ತಿಂಗಳಲ್ಲಿ ಮೈಸೂರಿನ ಸಭೆಯೊಂದರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬ ಅರ್ಥದ ಮಾತನ್ನಾಡಿದರು. ಬೂಸಾ ಎಂದರೆ ದನಗಳಿಗೆ ತಿನ್ನಿಸುವ ಹೊಟ್ಟು. ದಲಿತರ ಬದುಕನ್ನು ಕಾಣದ ಸಾಹಿತ್ಯದಿಂದ ದಲಿತ ವಿದ್ಯಾರ್ಥಿಗಳಿಗೆ ಪ್ರಯೋಜನವಿಲ್ಲ, ಜಗತ್ತಿನ ಅರಿವಿಗಾಗಿ ಅವರು ಇಂಗ್ಲಿಷ್ ಕಲಿಯಬೇಕು ಎಂಬುದು ಭಾಷಣದ ತಿರುಳು. ಪತ್ರಿಕೆಗಳಲ್ಲಿ ಬೂಸಾ ಎಂಬ ಪದ ಎದ್ದು ಕಂಡಿತು. ಅದರ ಸುತ್ತಲಿನ ವಾದ ಅಷ್ಟಾಗಿ ಕಾಣಲಿಲ್ಲ.

ಮೈಸೂರು, ಬೆಂಗಳೂರು ಮತ್ತಿತರ ಊರುಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಸಚಿವರ ರಾಜೀನಾಮೆಗೆ ಒತ್ತಾಯ ಕೇಳಿಬಂದಿತು. ಪ್ರತಿಭಟನೆ ಬೇಗನೆ ಜಾತಿಯ ರೂಪ ತಾಳಿತು. ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಸಾಹಿತಿಗಳಲ್ಲಿ ಅನೇಕರು ಸಚಿವರನ್ನು ಖಂಡಿಸಿದರು. ಕುವೆಂಪು ಅವರು ಬಸವಲಿಂಗಪ್ಪನವರ ಮಾತಿನಲ್ಲಿ ಸತ್ಯವಿದೆಯೆಂದು ಬಹಿರಂಗವಾಗಿ ಬೆಂಬಲಿಸಿದ್ದು ಈ ಪ್ರಸಂಗದ ಸ್ಮರಣೀಯ ಘಟನೆ. ಜಾಡಮಾಲಿಯೊಬ್ಬನನ್ನು ನಾಯಕನನ್ನಾಗಿಸಿದ ಜಲಗಾರ ನಾಟಕವನ್ನು ಕುವೆಂಪು 1928ರಷ್ಟು ಹಿಂದೆಯೇ ಪ್ರಕಟಿಸಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಬೆಂಬಲ ಸಾಕಾಗಲಿಲ್ಲ. ಕೆಲವೇ ವಾರಗಳಲ್ಲಿ ಬಸವಲಿಂಗಪ್ಪನವರು ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಬೇಕಾಯಿತು.

ಪ್ರಕರಣದ ಪರಿಣಾಮ ಅವರ ರಾಜಕೀಯ ಜೀವನವನ್ನು ಮೀರಿ ಬೆಳೆಯಿತು. ಹಲ್ಲೆಗಳಿಗೆ ಎದುರಾಗಿ ಒಗ್ಗೂಡಿದ ದಲಿತ ವಿದ್ಯಾರ್ಥಿಗಳು, ಲೇಖಕರು ಮುಂದೆ ದಲಿತ ಸಂಘರ್ಷ ಸಮಿತಿಯಲ್ಲಿ ಸೇರಿದರು. ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಭದ್ರಾವತಿಯಿಂದ ಹೊರಟ ಈ ಸಂಘಟನೆ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಜಿಲ್ಲೆ ಜಿಲ್ಲೆಗೂ ಹಬ್ಬಿತು. ಸಿದ್ಧಲಿಂಗಯ್ಯನವರ ಹೊಲೆ ಮಾದಿಗರ ಹಾಡು 1975ರಲ್ಲಿ ಪ್ರಕಟವಾಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಕಲಬುರಗಿಯಲ್ಲಿ ಇದಕ್ಕೆ ಮುನ್ನವೇ, 1968ರಲ್ಲಿ, ಬಿ. ಶ್ಯಾಮಸುಂದರ್ ಅವರು ಭೀಮಸೇನೆಯನ್ನು ಸ್ಥಾಪಿಸಿದ್ದರು. ಆದ್ದರಿಂದ ಕರ್ನಾಟಕದ ದಲಿತ ಚಳವಳಿ ಬೂಸಾ ಪ್ರಕರಣದಿಂದಲೇ ಹುಟ್ಟಿತು ಎಂದು ಪರೀಕ್ಷೆಯ ಉತ್ತರಗಳಲ್ಲಿ ಬರೆಯುವುದು ಪೂರ್ತಿ ಸರಿಯಲ್ಲ. ಚಳವಳಿಯ ವೇಗ ಹೆಚ್ಚಿದ್ದು ಆಗ ಎಂದರೆ ಸಾಕು.

ಸಾಲಪ್ಪ ಸಮಿತಿಯ ವರದಿ

ಬಸವಲಿಂಗಪ್ಪನವರು ಖಾತೆ ತೊರೆದ ನಂತರವೂ ಜಾಡಮಾಲಿಗಳ ಪ್ರಶ್ನೆ ಸರ್ಕಾರದ ಮುಂದೆ ಉಳಿಯಿತು. ಐ. ಪಿ. ಡಿ. ಸಾಲಪ್ಪ ಅವರ ಅಧ್ಯಕ್ಷತೆಯ ಸಮಿತಿ, ಗುಡಿಸುವವರ ಹಾಗೂ ಮಲ ಎತ್ತುವವರ ಜೀವನ ಮತ್ತು ಕೆಲಸದ ಪರಿಸ್ಥಿತಿಯನ್ನು ಸುಧಾರಿಸುವ ಬಗ್ಗೆ 1976ರಲ್ಲಿ ವರದಿ ಸಲ್ಲಿಸಿತು. ಸಮಿತಿಯ ಶಿಫಾರಸುಗಳಲ್ಲಿ ಇಂದಿಗೂ ಹೆಚ್ಚು ಉಲ್ಲೇಖವಾಗುವುದು ನೌಕರರ ಸಂಖ್ಯೆಗೆ ಸಂಬಂಧಿಸಿದ್ದು: ಪ್ರತಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಬೇಕು.

ಈ ಅಂಕಿ ಒಣ ಲೆಕ್ಕದಂತೆ ಕಂಡರೂ ನೌಕರರ ಆರೋಗ್ಯಕ್ಕೆ ಅದಕ್ಕಿಂತ ಹತ್ತಿರದ ನಿಯಮ ಬೇರೊಂದಿಲ್ಲ. ಹತ್ತು ಬೀದಿಗೆ ಇಬ್ಬರಿರುವ ಕಡೆ ಒಬ್ಬರನ್ನೇ ಇಟ್ಟರೆ ಬಿಡುವು ಇಲ್ಲ, ವಾರದ ರಜೆ ಇಲ್ಲ, ಹೆರಿಗೆಗೆ ಹೋದವರ ಜಾಗದಲ್ಲಿ ನಿಲ್ಲುವವರಿಲ್ಲ. ಕೈಗವಸು, ಗಂಬೂಟು ಕೊಟ್ಟರೂ ಅವಸರದಲ್ಲಿ ಅವನ್ನು ಹಾಕಿಕೊಳ್ಳುವ ವ್ಯವಧಾನ ಇರುವುದಿಲ್ಲ. 2011ರ ಜನಗಣತಿಯಲ್ಲಿ ಆಳಂದ ಪಟ್ಟಣದ ಜನಸಂಖ್ಯೆ ನಲವತ್ತು ಸಾವಿರವನ್ನು ದಾಟಿತ್ತು. ಸಾಲಪ್ಪ ಸಮಿತಿಯ ಅಳತೆಯಲ್ಲಿ ನಲವತ್ತು ಸಾವಿರಕ್ಕೆ 80 ಮಂದಿ ಪೌರಕಾರ್ಮಿಕರು ಬೇಕು. ಈಚಿನ ವರ್ಷಗಳಲ್ಲಿ ಸರ್ಕಾರ ಈ ಅಳತೆಯನ್ನು 700 ಜನಕ್ಕೆ ಒಬ್ಬರು ಎಂದು ಸಡಿಲಿಸಿತು. ಆ ಲೆಕ್ಕದಲ್ಲಿ ಅಷ್ಟೇ ಜನಸಂಖ್ಯೆಗೆ 57 ಮಂದಿ. ಊರು ಅದೇ, ಕಸ ಹೆಚ್ಚು, ಕೈಗಳು 23 ಜೋಡಿ ಕಡಿಮೆ.

ಜಾಡಮಾಲಿ, ಹಲಾಲ್‌ಖೋರ್, ತೋಟಿ, ಭಂಗಿ ಮೊದಲಾದ ಹೆಸರುಗಳ ಬದಲು ಪೌರಕಾರ್ಮಿಕ ಎಂಬ ಪದ ಸರ್ಕಾರಿ ಕಾಗದಪತ್ರಗಳಲ್ಲಿ ಕಾಲಕ್ರಮದಲ್ಲಿ ನೆಲೆಗೊಂಡಿತು. ಜಾತಿಸೂಚಕ ಹೆಸರು ಹೋಗಿ ಹುದ್ದೆಯ ಹೆಸರು ಬಂದುದು ನೌಕರಿಯ ದೃಷ್ಟಿಯಿಂದ ಮುಖ್ಯ. ಹುದ್ದೆಗೆ ವೇತನಶ್ರೇಣಿ, ರಜೆ, ನಿವೃತ್ತಿಯ ನಿಯಮಗಳನ್ನು ಕೇಳಬಹುದು.

ಕಂದಾಯ ಸಚಿವರಾಗಿ

1978ರ ಫೆಬ್ರವರಿಯಲ್ಲಿ ದೇವರಾಜ ಅರಸು ಮತ್ತೆ ಅಧಿಕಾರಕ್ಕೆ ಬಂದಾಗ ಬಸವಲಿಂಗಪ್ಪನವರು ಕಂದಾಯ ಸಚಿವರಾದರು. ಈ ಅವಧಿಯಲ್ಲಿ ರೂಪುಗೊಂಡ ಕಾಯಿದೆಯ ಪೂರ್ಣ ಹೆಸರು ಕರ್ನಾಟಕ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಅಧಿನಿಯಮ, 1978. ಜನರ ಬಾಯಲ್ಲಿ ಅದು ಪಿಟಿಸಿಎಲ್ ಕಾಯಿದೆ. 1979ರ ಜನವರಿ 1ರಿಂದ ಜಾರಿಗೆ ಬಂದಿತು.

ಸರ್ಕಾರ ದಲಿತ ಕುಟುಂಬಗಳಿಗೆ ಕೊಟ್ಟ ಜಮೀನು ಸಾಲ, ಮದುವೆ, ರೋಗ ಅಥವಾ ಬರದ ಕಾಲದಲ್ಲಿ ಜುಜುಬಿ ಬೆಲೆಗೆ ಬೇರೆಯವರ ಪಾಲಾಗುತ್ತಿತ್ತು. ಮಂಜೂರಾತಿಯ ಷರತ್ತು ಮೀರಿ ನಡೆದ ಇಂಥ ಮಾರಾಟವನ್ನು, ಅದು ಕಾಯಿದೆಗೆ ಮೊದಲೇ ನಡೆದಿದ್ದರೂ, ಅಸಿಂಧುವೆಂದು ಘೋಷಿಸಿ ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿ ಕೊಡಿಸಲು ಕಾಯಿದೆ ಅವಕಾಶ ಮಾಡಿತು. ಮುಂದೆ ಮಾರಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಅರ್ಜಿಯನ್ನು ಉಪವಿಭಾಗಾಧಿಕಾರಿಗಳು ವಿಚಾರಿಸುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳವರಿಗೆ ಇದು ಕಲಬುರಗಿ ಉಪವಿಭಾಗದ ಕಚೇರಿ. ಹೈದರಾಬಾದು ಸಂಸ್ಥಾನದ ಲಾವಣಿ ನಿಯಮಗಳಡಿ ದೊರೆತ ಜಮೀನುಗಳ ತಕರಾರುಗಳು ಈ ಭಾಗದ ಪ್ರಕರಣಗಳ ವೈಶಿಷ್ಟ್ಯ. ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮಂಚೇಗೌಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ನ್ಯಾಯಾಲಯ ಅರ್ಜಿಗಳನ್ನು ಸಮಂಜಸ ಕಾಲಾವಧಿಯೊಳಗೆ ಸಲ್ಲಿಸಬೇಕೆಂದು ತೀರ್ಪಿತ್ತಿದ್ದರಿಂದ ಅನೇಕ ಅರ್ಜಿಗಳು ಬಿದ್ದುಹೋದವು; 2023ರಲ್ಲಿ ರಾಜ್ಯ ವಿಧಾನಮಂಡಲ ತಿದ್ದುಪಡಿಯ ಮೂಲಕ ಕಾಲಮಿತಿಯ ತೊಡಕನ್ನು ತೆಗೆದುಹಾಕಲು ಯತ್ನಿಸಿತು.

ಪೌರಾಡಳಿತದ ಆದೇಶಕ್ಕೂ ಈ ಕಾಯಿದೆಗೂ ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಹೊಲವಿಲ್ಲದ ಕುಟುಂಬ ಬರಗಾಲದಲ್ಲಿ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದಾಗ ಅದಕ್ಕೆ ಸುಲಭವಾಗಿ ಸಿಗುತ್ತಿದ್ದ ಕೆಲಸ ಪುರಸಭೆಯ ಪೊರಕೆಯೇ ಆಗಿತ್ತು. ಎರಡು ಎಕರೆ ಕೈಯಲ್ಲುಳಿದರೆ ಪೊರಕೆ ಹಿಡಿಯಲೇಬೇಕೆಂಬ ಒತ್ತಾಯ ತಗ್ಗುತ್ತದೆ.

ಕೊನೆಯ ವರ್ಷಗಳು

ಎಂಬತ್ತರ ದಶಕದಲ್ಲಿಯೂ ಬಸವಲಿಂಗಪ್ಪನವರು ಸಕ್ರಿಯ ರಾಜಕಾರಣದಲ್ಲಿದ್ದರು. ಅಂದು ಮೀಸಲು ಕ್ಷೇತ್ರವಾಗಿದ್ದ ಬೆಂಗಳೂರಿನ ಯಲಹಂಕವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದರು. ದಲಿತರೊಬ್ಬರು ರಾಜ್ಯದ ಮುಖ್ಯಮಂತ್ರಿಯಾಗಬೇಕೆಂಬ ಚರ್ಚೆ ಎದ್ದಾಗಲೆಲ್ಲ ಇಂದಿಗೂ ಅವರ ಹೆಸರು ನೆನಪಾಗುತ್ತದೆ. 1992ರ ಡಿಸೆಂಬರ್ 27ರಂದು ನಿಧನರಾದರು. ಪುರಸಭೆ, ನಗರಸಭೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿದ 74ನೆಯ ತಿದ್ದುಪಡಿಗೆ ಸಂಸತ್ತು ಅದೇ ತಿಂಗಳು, ಅವರ ನಿಧನಕ್ಕೆ ಕೆಲವೇ ದಿನ ಮುಂಚೆ, ಒಪ್ಪಿಗೆ ನೀಡಿತ್ತು.

ನಂತರದ ಬೆಳವಣಿಗೆಗಳು

ಮಲ ಹೊರುವವರ ನೇಮಕ ಮತ್ತು ಒಣ ಪಾಯಖಾನೆಗಳ ನಿರ್ಮಾಣವನ್ನು ನಿಷೇಧಿಸುವ ಕೇಂದ್ರ ಕಾಯಿದೆ 1993ರ ಜೂನ್‌ನಲ್ಲಿ ಬಂದಿತು. ಅದಕ್ಕಿಂತ ವ್ಯಾಪಕವಾದ, ಪುನರ್ವಸತಿಯನ್ನೂ ಒಳಗೊಂಡ ಕಾಯಿದೆ 2013ರಲ್ಲಿ ಬಂದಿತು. 2014ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, 1993ರಿಂದ ಒಳಚರಂಡಿಗೆ ಇಳಿದು ಮೃತಪಟ್ಟ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು; 2023ರ ಅಕ್ಟೋಬರ್‌ನಲ್ಲಿ ಈ ಮೊತ್ತವನ್ನು 30 ಲಕ್ಷಕ್ಕೆ ಏರಿಸಲಾಯಿತು.

ಬಸವಲಿಂಗಪ್ಪನವರ ಆದೇಶ ಬಂದು ಮೂರು ದಶಕಗಳು ಕಳೆದಿದ್ದರೂ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳು ಕೈಯಿಂದ ಮಲ ಬಳಿಯುತ್ತಿದ್ದವು. ವಾಸದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಆ ಕುಟುಂಬದವರು 2010ರ ಜುಲೈನಲ್ಲಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ರಾಜ್ಯವೆಲ್ಲ ತಲ್ಲಣಿಸಿತು. ಬಳಿಕ ಅವರಲ್ಲಿ ಕೆಲವರಿಗೆ ಪುರಸಭೆಯಲ್ಲಿಯೇ ಪೌರಕಾರ್ಮಿಕರ ಕೆಲಸ ಕೊಡಲಾಯಿತು.

ತೊಂಬತ್ತರ ದಶಕದಿಂದ ಸ್ಥಳೀಯ ಸಂಸ್ಥೆಗಳಲ್ಲಿ ಗುತ್ತಿಗೆ ಪದ್ಧತಿ ಹೆಚ್ಚಿತು. ಹಾಜರಿ ಪುಸ್ತಕ ಪುರಸಭೆಯಿಂದ ಗುತ್ತಿಗೆದಾರನ ಕೈಗೆ ಹೋದುದರಿಂದ, ಎಪ್ಪತ್ತರ ದಶಕದಲ್ಲಿ ಪುರಸಭೆಯ ಮೇಲೆ ಹೊರಿಸಿದ್ದ ಹೊಣೆ ಹೆಸರಿಗಷ್ಟೇ ಉಳಿಯಿತು ಎನ್ನಬೇಕು. ಸಂಬಳ ತಿಂಗಳುಗಟ್ಟಲೆ ನಿಂತರೆ ಕೇಳಲು ಯಾರೂ ಇರಲಿಲ್ಲ. ಪೌರಕಾರ್ಮಿಕ ಸಂಘಟನೆಗಳ ದೀರ್ಘ ಹೋರಾಟದ ಫಲವಾಗಿ 2017ರಲ್ಲಿ ಸರ್ಕಾರ ಪೌರಕಾರ್ಮಿಕರ ಮಟ್ಟಿಗೆ ಗುತ್ತಿಗೆಯನ್ನು ಕೈಬಿಟ್ಟು ಸ್ಥಳೀಯ ಸಂಸ್ಥೆಗಳಿಂದಲೇ ನೇರವಾಗಿ ವೇತನ ಪಾವತಿಸುವ ವ್ಯವಸ್ಥೆಗೆ ಬಂದಿತು. ಬೆಳಗಿನ ಉಪಾಹಾರ, ಆರೋಗ್ಯ ತಪಾಸಣೆ, ಗೃಹಭಾಗ್ಯ ಯೋಜನೆಯಡಿ ವಸತಿ ಮೊದಲಾದ ಸೌಲಭ್ಯಗಳು ಈ ಅವಧಿಯವು. ಸೆಪ್ಟೆಂಬರ್ 23ನ್ನು ರಾಜ್ಯದಲ್ಲಿ ಪೌರಕಾರ್ಮಿಕರ ದಿನವಾಗಿ ಆಚರಿಸಲಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಪುರಸಭೆಗಳಲ್ಲಿಯೂ ಆ ದಿನ ಸನ್ಮಾನ ಸಮಾರಂಭಗಳು ನಡೆಯುತ್ತವೆ. ಶಾಲು ಹೊದಿಸುವುದು ಒಳ್ಳೆಯದೇ. ಕೈಗವಸು ಕಾಲಕ್ಕೆ ಸರಿಯಾಗಿ ಬಂದರೆ ಇನ್ನೂ ಒಳ್ಳೆಯದು.

2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಖಾಯಮಾತಿಗಾಗಿ ಮುಷ್ಕರ ಹೂಡಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 11,133 ಪೌರಕಾರ್ಮಿಕರ ಸೇವೆಯನ್ನು ಖಾಯಂಗೊಳಿಸಲು ಸಚಿವ ಸಂಪುಟ ಒಪ್ಪಿತು. ಕಸದ ವಾಹನದ ಚಾಲಕರು, ಲೋಡರುಗಳು ಮತ್ತು ಒಳಚರಂಡಿ ಕಾರ್ಮಿಕರು ಆ ಪಟ್ಟಿಯ ಹೊರಗೇ ಉಳಿದರು.